ಹತ್ತೂವರೆಯ ಗಿರಾಕಿಗಳು

ಥಾಣೆ, ಭಿವಂಡಿ, ಮೀರಾ-ಭಾಯಂದರ್ ಕಡೆಯವರಿಗೆ ಶಹಾಡ್ ಎಂಬ ಊರು ನೆನಪಾಗುವುದು ನಲ್ಲಿಯಲ್ಲಿ ನೀರು ಬಾರದ ದಿನ. ಉಲ್ಹಾಸ್ ನದಿಯಿಂದ ನೀರೆತ್ತಿ ಆ ಊರುಗಳಿಗೆ ಕಳಿಸುವ ‘ಸ್ಟೆಮ್’ ಪ್ರಾಧಿಕಾರದ ಪಂಪುಗಳು ಇಲ್ಲಿವೆ. ದುರಸ್ತಿಗೆಂದು ಅವು ನಿಂತರೆ ಪತ್ರಿಕೆಯ ಮೂಲೆಯಲ್ಲಿ ನಮ್ಮ ಹೆಸರು ಬರುತ್ತದೆ. ಉಳಿದ ದಿನಗಳಲ್ಲಿ ಶಹಾಡ್ ಎಂದರೆ ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್‌ಗೆ ಸಿಗುವ ಮೊದಲ ಸ್ಟೇಷನ್, ಅಷ್ಟೇ. ನಾಸಿಕದ ಕಡೆಯ ದೊಡ್ಡ ಗಾಡಿಗಳು ಕೂಗಿಕೊಂಡು ದಾಟಿ ಹೋಗುತ್ತವೆ. ಹತ್ತಿರದಲ್ಲೇ ಉಲ್ಹಾಸನಗರದ ಒಂದನೇ ಕ್ಯಾಂಪು, ಸೆಂಚುರಿ ರೇಯಾನ್ ಕಾರ್ಖಾನೆಯ ಉದ್ದನೆಯ ಗೋಡೆ, ಬಿರ್ಲಾದವರು ಕಟ್ಟಿಸಿದ ವಿಠೋಬನ ಗುಡಿ. ಕಲ್ಯಾಣ-ಡೊಂಬಿವಲಿ ಪಾಲಿಕೆ ಎಲ್ಲಿ ಮುಗಿದು ಉಲ್ಹಾಸನಗರ ಪಾಲಿಕೆ ಎಲ್ಲಿ ಶುರುವಾಗುತ್ತದೆ ಎಂಬುದು ಕಸದ ಗಾಡಿಯವರಿಗೆ ಮಾತ್ರ ಸರಿಯಾಗಿ ಗೊತ್ತು.

ಮುರ್ಬಾಡ್ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯೊಂದರ ಬಾಯಲ್ಲಿ ನಾನು ಉಣ್ಣುವ ಹೋಟೆಲಿದೆ. ಹೆಸರು ಬೇಡ. ಬೋರ್ಡಿನ ಮೇಲೆ ದೇವರ ಹೆಸರು, ಅದರ ಕೆಳಗೆ ‘ಶುದ್ಧ ಶಾಕಾಹಾರಿ’. ಮುಂಬಯಿ ಸೀಮೆಯಲ್ಲಿ ಅಂಥದೊಂದು ಬೋರ್ಡು ಇಲ್ಲದ ಸ್ಟೇಷನ್ ಹುಡುಕುವುದು ಕಷ್ಟ. ರಸ್ತೆಯಿಂದ ಮೂರು ಮೆಟ್ಟಿಲು ಮೇಲೆ. 2005ರ ಜುಲೈ 26ರ ಮಳೆಯಲ್ಲಿ ಗೋದಿ ಹಿಟ್ಟಿನ ಚೀಲಗಳೆಲ್ಲ ತೇಲಿಹೋದ ಮೇಲೆ ನೆಲ ಎತ್ತರಿಸಿದ್ದು. ಒಳಗೆ ಅಂಚು ಸವೆದ ಸನ್‌ಮೈಕಾ ಮೇಜುಗಳು, ಎರಡು ಗೋಡೆಗೆ ಉದ್ದಕ್ಕೂ ಕನ್ನಡಿ, ಗಲ್ಲಾದ ನೆತ್ತಿಯ ಮೇಲೆ ಉಡುಪಿ ಕೃಷ್ಣ, ಕಟೀಲಿನ ಅಮ್ಮ, ಶಿರಡಿಯ ಬಾಬಾ, ಇವರ ಸಾಲಿನಲ್ಲೇ ಗಂಧದ ಹಾರ ಹಾಕಿಸಿಕೊಂಡ, ಹೋಟೆಲು ಶುರುಮಾಡಿದ ಹಿರಿಯರ ಫೋಟೋ. ಪಕ್ಕದಲ್ಲಿ ಕಾಲನಿರ್ಣಯ. ಸಂಕಷ್ಟಿ ಯಾವತ್ತು, ಏಕಾದಶಿ ಯಾವತ್ತು ಎಂದು ನೋಡಿಯೇ ಸಾಬುದಾಣಿ ನೆನೆಹಾಕುವುದು. ಎರಡು ಸ್ಟೇಷನ್ ಆಚೆಯ ಟಿಟವಾಳಾದಲ್ಲಿ ಮಹಾಗಣಪತಿ ಇರುವುದರಿಂದ ಸಂಕಷ್ಟಿಯ ದಿನ ಖಿಚಡಿ ಹತ್ತು ಗಂಟೆಗೆ ಖಾಲಿ.

ಹೋಟೆಲು ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು, ಮುಂಬಯಿಯ ಲೋಕಲ್ ಹಿಡಿಯುವವರು, ಶಾಲೆಯ ರಿಕ್ಷಾದವರು ಸೇರಿ ಒಂಬತ್ತೂವರೆಯ ತನಕ ಕಾಲಿಡಲು ಜಾಗವಿಲ್ಲ. ಹನ್ನೆರಡಕ್ಕೆ ರೈಸ್ ಪ್ಲೇಟು ಶುರು. ಈ ಎರಡು ಗದ್ದಲಗಳ ನಡುವೆ, ಹತ್ತೂವರೆಯ ಹೊತ್ತಿಗೆ, ಒಂದು ಬಿಡುವು ಬರುತ್ತದೆ. ಭಟ್ಟಿಯ ಮೇಲೆ ಬೇಳೆ ಕುದಿಯುತ್ತಿರುತ್ತದೆ, ಹುಡುಗ ಫಡ್ಕಾ ಹಿಡಿದು ಮೇಜುಗಳನ್ನು ಒರೆಸುತ್ತಾನೆ, ಒಳಗಿನ ಮೋರಿಯಿಂದ ತಟ್ಟೆಗಳ ಸದ್ದು ಬರುತ್ತದೆ. ಆಗ ಮುದುಕರು ಬರತೊಡಗುತ್ತಾರೆ. ಶಟರಿನ ಕಬ್ಬಿಣದ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವ ಆ ಕ್ರಮ ಎಲ್ಲರದೂ ಒಂದೇ. ಅಲ್ಲಿ ಬಣ್ಣ ಹೋಗಿ ಕಬ್ಬಿಣ ನುಣ್ಣಗಾಗಿದೆ.

ನಾನು ಒಂಟಿಯಾಗಿ ಉಣ್ಣುವುದು ಅನಿವಾರ್ಯಕ್ಕೆ. ಹೆಂಡತಿಯ ನೌಕರಿ ಪುಣೆಯಲ್ಲಿ, ನನ್ನದು ಮನೆಯಲ್ಲೇ ಕೂತು ಮಾಡುವ ಅನುವಾದದ ಕೆಲಸ. ಒಬ್ಬನಿಗಾಗಿ ಕುಕ್ಕರ್ ಇಡಲು ಬೇಸರ. ಹನ್ನೊಂದರ ಸುಮಾರಿಗೆ ಬಂದು ಒಂದು ಇಡ್ಲಿ ತಿಂದು, ಕಾಗದ ಬಿಚ್ಚಿಕೊಂಡು ಒಂದಿಷ್ಟು ತಿದ್ದಿ, ಹನ್ನೆರಡಕ್ಕೆ ಊಟ ಮುಗಿಸಿ ಹೊರಡುವುದು ನನ್ನ ಪದ್ಧತಿ. ಮೊದಲ ದಿನ ಫ್ಯಾನಿನ ಕೆಳಗಿನ ಖಾಲಿ ಕುರ್ಚಿಯಲ್ಲಿ ಕೂತಾಗ ಎದುರಿಗಿದ್ದವರು ಕನ್ನಡಕದ ಮೇಲಿಂದ ನೋಡಿ, ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕ ಕಂಡು, ‘ಬರ್ರಿ, ಕೂಡ್ರಿ. ಇಲ್ಲೇನ್ ರಿಸರ್ವೇಶನ್ ಇಲ್ಲ’ ಅಂದರು. ಹಾಗಂದದ್ದು ಶುದ್ಧ ಸುಳ್ಳು. ಈ ಹೋಟೆಲಿನಲ್ಲಿ ಹತ್ತೂವರೆಯ ನಂತರ ಪ್ರತಿ ಕುರ್ಚಿಗೂ ವಾರಸುದಾರರಿದ್ದಾರೆ. ಐದು ನಿಮಿಷದಲ್ಲಿ ಒಬ್ಬರು ಬಂದು ನನ್ನ ಪಕ್ಕ ಸುಮ್ಮನೆ ನಿಂತರು. ನಾನು ಎದ್ದೆ. ಯಾರೂ ಏನೂ ಹೇಳಲಿಲ್ಲ. ಈಗ ನನ್ನದು ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜು. ಹೊಸಬರಿಗೆ ಕೊಡುವ ಜಾಗ ಅದು, ನೀರು ಸಿಡಿಯುತ್ತದೆ.

ನನ್ನನ್ನು ಕೂಡ್ರಿಸಿದವರು ಗಾರ್ಡ್ ಸಾಹೇಬರು. ಕಲಬುರ್ಗಿ ಕಡೆಯವರು. ಸೋಲಾಪುರ ಡಿವಿಜನ್ನಿನಲ್ಲಿ ರೈಲ್ವೆ ಸೇರಿ, ಕಲ್ಯಾಣಕ್ಕೆ ಬಂದು, ಇಲ್ಲೇ ಮನೆ ಮಾಡಿದವರು. 2022ರಲ್ಲಿ ರೈಲ್ವೆಯು ಗಾರ್ಡ್ ಎಂಬ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರು ಬದಲಿಸಿತು. ಆ ಸಿಟ್ಟು ಇವರಿಗೆ ಇನ್ನೂ ಇಳಿದಿಲ್ಲ. ‘ಮ್ಯಾನೇಜರ್ ಅಂದ್ರ ಕುರ್ಚಿ ಮ್ಯಾಲ ಕುಂದ್ರಾಂವ್ರೀ. ನಾವು ನಿಂತು ಜೀವ ತೇದೀವಿ.’ ಲೋಕಲ್ ಹೋದ ಸದ್ದಾದರೆ ಮಾತು ನಿಲ್ಲಿಸಿ ಗೋಡೆಯ ಗಡಿಯಾರ ನೋಡುತ್ತಾರೆ. ತಡವಾಗಿದ್ದರೆ ತುಟಿ ಬಿಗಿಯುತ್ತದೆ, ಸಮಯಕ್ಕೆ ಬಂದಿದ್ದರೆ ಇಡ್ಲಿ ಮುರಿಯುತ್ತಾರೆ.

ಅವರ ಎದುರಿಗೆ ಸಿಂಧಿ ದಾದಾ. ಕರಾಚಿಯಿಂದ ಹಡಗಿನಲ್ಲಿ ಬಂದಾಗ ತಾಯಿಯ ಮಡಿಲಲ್ಲಿದ್ದ ಕೂಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆಂದು ಕಟ್ಟಿದ ಬ್ಯಾರಕ್ಕುಗಳಲ್ಲಿ ದೇಶ ಬಿಟ್ಟು ಬಂದವರನ್ನು ತುಂಬಿದ್ದರು, ಅದಕ್ಕೆ ಕಲ್ಯಾಣ ಕ್ಯಾಂಪ್ ಎಂದೇ ಹೆಸರಿತ್ತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಬಂದು ಉಲ್ಹಾಸನಗರ ಎಂದು ಹೆಸರಿಟ್ಟರು. ಊರಿಗೆ ಹೆಸರು ಬಂದು ಇಷ್ಟು ವರ್ಷವಾದರೂ ವಿಳಾಸದಲ್ಲಿ ಇನ್ನೂ ಕ್ಯಾಂಪ್ ನಂಬರ್ ಬರೆಯುತ್ತಾರೆ. ದಾದಾ ಬಟ್ಟೆ ಅಂಗಡಿ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ‘ಮೇಡ್ ಇನ್ ಯುಎಸ್‌ಎ’ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಎಂಬ ಹಳೆಯ ಜೋಕನ್ನು ಹೊಸ ಮುಖ ಕಂಡಾಗಲೆಲ್ಲ ಹೇಳುತ್ತಾರೆ, ನಗುವವರು ನಕ್ಕು ಮುಗಿಸುವವರೆಗೆ ಕಾಯುತ್ತಾರೆ. ಅವರ ಆರ್ಡರು ವಿಚಿತ್ರ: ಕಟಿಂಗ್ ಚಹಾದ ಜೊತೆ ಸುಟ್ಟ ಹಪ್ಪಳ. ಸಿಂಧಿ ಮನೆಗೆ ಹೋದರೆ ಮೊದಲು ನೀರು ಮತ್ತು ಹಪ್ಪಳ ಕೊಡುವುದು ವಾಡಿಕೆ. ಮೆನು ಕಾರ್ಡಿನಲ್ಲಿ ಹಪ್ಪಳ ಇರುವುದು ಊಟದ ಜೊತೆಗೆ ಮಾತ್ರ, ಬೆಳಗಿನ ಹೊತ್ತು ಸಿಗುವುದಿಲ್ಲ. ದಾದಾ ಬಂದದ್ದು ಕಂಡರೆ ಹುಡುಗ ಕೇಳದೆ ಭಟ್ಟಿಯ ಕಡೆಗೆ ಹೋಗುತ್ತಾನೆ.

ಗೋಡೆಯ ಬದಿಯ ಮೇಜಿನಲ್ಲಿ ಇಬ್ಬರು ಕಾಕಾಗಳು. ಇವರ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಉಲ್ಹಾಸ್ ನದಿಯ ಈಚೆ ದಡದಲ್ಲಿ ಸೆಂಚುರಿ ರೇಯಾನ್, ಆಚೆ ದಡದ ಮೋಹನೆಯಲ್ಲಿ ನ್ಯಾಷನಲ್ ರೇಯಾನ್ ಕಾರ್ಪೊರೇಶನ್, ಜನರ ಬಾಯಲ್ಲಿ ಎನ್‌ಆರ್‌ಸಿ. ಎರಡರಲ್ಲೂ ಒಂದೇ ವಿದ್ಯೆ. ಮರದ ತಿರುಳಿನ ಹಾಳೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಕರಗಿಸಿದರೆ ಕಿತ್ತಳೆ-ಹಳದಿ ಬಣ್ಣದ ಮಂದ ದ್ರವ ಆಗುತ್ತದೆ. ಅದನ್ನು ಸೂಜಿಮೊನೆಯಷ್ಟು ರಂಧ್ರಗಳಿಂದ ಗಂಧಕಾಮ್ಲದ ತೊಟ್ಟಿಯೊಳಕ್ಕೆ ಒತ್ತಿದಾಗ ಎಳೆಯಾಗಿ ಗಟ್ಟಿಯಾಗುತ್ತದೆ. ಸೀರೆಗೆ ರೇಷ್ಮೆಯ ಹೊಳಪು ಕೊಡುವ ನೂಲು ಹೀಗೆ ಹುಟ್ಟುವುದು. ಎಳೆ ಹರಿಯದಂತೆ ನೋಡಿಕೊಳ್ಳುವುದೇ ಸ್ಪಿನ್ನಿಂಗ್ ಖಾತೆಯವರ ಕೆಲಸ. ಹರಿದರೆ ಬರಿಗಣ್ಣಿಗೆ ಕಾಣದಷ್ಟು ತೆಳು ಎಳೆಯ ತುದಿ ಹುಡುಕಿ ಮತ್ತೆ ಹತ್ತಿಸಬೇಕು. ಇಬ್ಬರು ಕಾಕಾಗಳೂ ಅದೇ ಖಾತೆಯಲ್ಲಿದ್ದವರು, ಒಬ್ಬರು ಈಚೆ, ಒಬ್ಬರು ಆಚೆ. ಈಚೆಯವರು ಸಾತಾರಾದ ಮರಾಠಿಗರು. ಆಚೆಯವರು ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಓದಲು ಬಾರದು. ನನ್ನ ಪುಸ್ತಕವನ್ನು ಕೈಗೆತ್ತಿಕೊಂಡು ಒಮ್ಮೆ ಹಾಳೆ ತಿರುವಿ, ‘ನಮ್ಮವ್ವ ಹಿಂಗ ಮಾತಾಡ್ತಿದ್ಳು, ಬರದ್ರ ಹಿಂಗ್ ಕಾಣ್ತದೇನು’ ಎಂದು ಹಿಂದಕ್ಕೆ ಕೊಟ್ಟರು.

ಎನ್‌ಆರ್‌ಸಿ 2009ರಲ್ಲಿ ಮುಚ್ಚಿತು. ಬಾಕಿ ಹಣಕ್ಕಾಗಿ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿದ ಸುದ್ದಿ ಈ ಕಡೆಯ ಮರಾಠಿ ಪತ್ರಿಕೆಗಳಿಗೆ ಹೊಸದಲ್ಲ. ಸೆಂಚುರಿ ನಡೆಯುತ್ತಲೇ ಇದೆ, 2018ರಿಂದ ಗ್ರಾಸಿಮ್‌ನವರ ಕೈಯಲ್ಲಿ. ಹಾಗಾಗಿ ಒಂದೇ ಮೇಜಿನ ಈಚೆ ಕುರ್ಚಿಯವರು ಅರವತ್ತಕ್ಕೆ ಹಾರ ಹಾಕಿಸಿಕೊಂಡು, ಗ್ರ್ಯಾಚುಯಿಟಿ ಎಣಿಸಿಕೊಂಡು ಮನೆಗೆ ಹೋದವರು. ಆಚೆ ಕುರ್ಚಿಯವರು ಒಂದು ದಿನ ಗೇಟಿನ ಹೊರಗೆ ನಿಂತು ವಾಪಸು ಬಂದವರು. ಈ ಬಗ್ಗೆ ಅವರಿಬ್ಬರು ಮಾತಾಡಿದ್ದನ್ನು ನಾನು ಕೇಳಿಲ್ಲ. ಮಾತೆಲ್ಲ ಮಂಡಿನೋವು, ಮೊಮ್ಮಗನ ಅಡ್ಮಿಷನ್, ಪಾಲಿಕೆಯ ಹೊಂಡಗಳು. ಆದರೆ ಬಿಲ್ಲು ಬರುವ ಹೊತ್ತಿಗೆ ಒಂದು ನಾಟಕ ನಡೆಯುತ್ತದೆ. ಆಚೆಯ ಕಾಕಾ ಅಂಗಿಯ ಒಳಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಚೀಲ ತೆಗೆದು, ಅದರ ರಬ್ಬರ್ ಬ್ಯಾಂಡ್ ಬಿಚ್ಚಿ, ಮಡಿಸಿದ ನೋಟನ್ನು ಸಪಾಟು ಮಾಡಿ ಮೇಜಿನ ಮೇಲಿಡುತ್ತಾರೆ. ಅಷ್ಟರಲ್ಲಿ ಗಲ್ಲಾದ ಅಣ್ಣ ಕೂತಲ್ಲಿಂದಲೇ, ‘ಕಾಕಾ, ತುಮ್ಚಾ ಕಾಲ್ಚಾ ಸುಟ್ಟಾ ಬಾಕೀ ಆಹೇ’ ಎಂದು ಕೂಗುತ್ತಾರೆ. ನಿನ್ನೆಯ ಚಿಲ್ಲರೆ ನನ್ನ ಹತ್ತಿರವೇ ಉಳಿದಿದೆ, ಇವತ್ತಿನದು ಅದರಲ್ಲೇ ಆಯಿತು ಎಂದು. ನಿನ್ನೆಯ ಚಿಲ್ಲರೆ ಎಂಬುದು ಇರುವುದೇ ಇಲ್ಲ. ಈಚೆಯ ಕಾಕಾ ತಿಂಗಳ ಮೊದಲ ವಾರ ಗಲ್ಲಾದ ಮೇಲೆ ಒಂದು ಮೊತ್ತ ಇಟ್ಟಿರುತ್ತಾರೆ. ಆಚೆಯವರು ನೋಟನ್ನು ಮತ್ತೆ ಮಡಿಸಿ, ಚೀಲದಲ್ಲಿಟ್ಟು, ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಅವರಿಗೆ ಗೊತ್ತಿಲ್ಲವೆಂದು ನಂಬುವಷ್ಟು ನಾನು ದಡ್ಡನಲ್ಲ. ವಾರದಲ್ಲಿ ಒಂದು ದಿನ ಮಾತ್ರ ಅವರು ಅಣ್ಣ ಕೂಗುವ ಮೊದಲೇ ಎದ್ದು ಗಲ್ಲಾಕ್ಕೆ ಹೋಗಿ ಇಬ್ಬರ ಬಿಲ್ಲನ್ನೂ ತಾವೇ ಕಟ್ಟುತ್ತಾರೆ. ಆ ದಿನ ಈಚೆಯವರು ಪತ್ರಿಕೆಯಲ್ಲಿ ಮುಖ ಹುದುಗಿಸಿರುತ್ತಾರೆ.

ಪತ್ರಿಕೆಯ ವಿಷಯವೇ ಬೇರೆ. ಬರುವುದು ಒಂದು ಲೋಕಸತ್ತಾ, ಜೊತೆಗೆ ಅಣ್ಣನಿಗಾಗಿ ಒಂದು ಕರ್ನಾಟಕ ಮಲ್ಲ. ಲೋಕಸತ್ತಾವನ್ನು ಗಾರ್ಡ್ ಸಾಹೇಬರು ಬಂದ ಕೂಡಲೇ ಬಿಡಿಸಿ ಹಂಚುತ್ತಾರೆ. ಮುಖಪುಟದ ಹಾಳೆ ತಮಗೆ. ಥಾಣೆ ಪುರವಣಿ ಈಚೆಯ ಕಾಕಾನಿಗೆ. ಪೇಟೆ ಧಾರಣೆಯ ಹಾಳೆ ದಾದಾನಿಗೆ. ಅವರಿಗೆ ಮರಾಠಿ ಓದಲು ನಿಧಾನ, ಅಂಕಿ ನೋಡಿದರೆ ಸಾಕು. ಶ್ರದ್ಧಾಂಜಲಿಗಳಿರುವ ಹಾಳೆಯನ್ನು ಯಾರಿಗೂ ಕೊಡದೆ ಮೇಜಿನ ನಡುವೆ ಮಗುಚಿ ಇಡುತ್ತಾರೆ. ಒಬ್ಬೊಬ್ಬರಾಗಿ, ಬೇರೇನೋ ಹುಡುಕುವವರಂತೆ, ಅದನ್ನು ಎತ್ತಿ ನೋಡಿ ಮತ್ತೆ ಮಗುಚುತ್ತಾರೆ. ಹನ್ನೊಂದೂವರೆಯ ಹೊತ್ತಿಗೆ ಹಾಳೆಗಳೆಲ್ಲ ಪುಟದ ಸಂಖ್ಯೆಯ ಪ್ರಕಾರ ಜೋಡಣೆಯಾಗಿ, ಮಡಿಕೆ ಸರಿಯಾಗಿ, ಗಲ್ಲಾಕ್ಕೆ ವಾಪಸು. ಒಂದು ದಿನ ಯಾರೋ ಹೊರಗಿನವರು ನಡುವಿನ ಹಾಳೆಯಲ್ಲಿ ವಡೆ ಕಟ್ಟಿಸಿಕೊಂಡು ಹೋದದ್ದಕ್ಕೆ ಹುಡುಗನಿಗೆ ಎಲ್ಲರೂ ಸೇರಿ ಬೈದರು.

ಇವರೆಲ್ಲ ಒಟ್ಟಿಗೆ ಬರುವವರಲ್ಲ, ಒಟ್ಟಿಗೆ ತಿನ್ನುವವರೂ ಅಲ್ಲ. ಒಬ್ಬರ ತಟ್ಟೆಯಿಂದ ಇನ್ನೊಬ್ಬರು ತೆಗೆಯುವುದಿಲ್ಲ. ಅರ್ಧ ಗಂಟೆ ಮಾತಿಲ್ಲದೆ ಕೂತರೆ ಯಾಕೆಂದು ಕೇಳುವುದಿಲ್ಲ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಮನೆಯಲ್ಲಿ ಮುದುಕರು ಸುಮ್ಮನೆ ಕೂತರೆ ‘ಏನಾಯ್ತು’ ಎಂಬ ಪ್ರಶ್ನೆ, ಮಾತಾಡಿದರೆ ‘ಆಯ್ತು ಬಿಡಿ’ ಎಂಬ ಉತ್ತರ. ಇಲ್ಲಿ ಎರಡೂ ಇಲ್ಲ. ಅಪರಿಚಿತನೊಬ್ಬನ ಎದುರು ಕೂತು, ಅವನ ಮೊಣಕೈ ತಾಗುವಷ್ಟು ಹತ್ತಿರದಲ್ಲಿ, ಅವನನ್ನು ನೋಡದೆ ಉಣ್ಣುವ ಶಿಸ್ತನ್ನು ಮುಂಬಯಿಯ ಹೋಟೆಲುಗಳೇ ಈ ಜನಕ್ಕೆ ಕಲಿಸಿದವು. ಗಿರಣಿ ಕಾಲದ ಮುಂಬಯಿಯಲ್ಲಿ ಲಕ್ಷಾಂತರ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಂದೊಂದು ಖೋಲಿಯಲ್ಲಿ ಹತ್ತಾರು ಜನ ಇದ್ದರು. ಅವರ ಊಟ ಖಾನಾವಳಿಯಲ್ಲಿ. ಆ ಖಾನಾವಳಿ ನಡೆಸುತ್ತಿದ್ದ ಹೆಂಗಸರನ್ನೇ ಒಗ್ಗೂಡಿಸಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿದ್ದು. ಇತ್ತ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇವತ್ತಿಗೂ ಸಾಲಿನಲ್ಲಿ ನಿಂತು, ಸಿಕ್ಕ ಕುರ್ಚಿಯಲ್ಲಿ, ಯಾರೆಂದು ತಿಳಿಯದವರ ಪಕ್ಕ ಕೂತು ಬಾಳೆಲೆಯಲ್ಲಿ ಉಣ್ಣುತ್ತಾರೆ. ಒಬ್ಬನೇ ಉಣ್ಣುವವನು ಆ ಲೋಕದಲ್ಲಿ ವಿಶೇಷವೇ ಅಲ್ಲ. ಅವನಿಗಾಗಿಯೇ ಕಟ್ಟಿದ ವ್ಯವಸ್ಥೆ ಅದು. ರೈಸ್ ಪ್ಲೇಟನ್ನೇ ನೋಡಿ: ಒಂದೇ ಸ್ಟೀಲ್ ತಟ್ಟೆಯಲ್ಲಿ ಪುರಿಯೋ ಚಪಾತಿಯೋ, ಒಂದು ಪಲ್ಯ, ಒಂದು ಉಸಳ್, ಬೇಳೆ, ಅನ್ನ, ಮಜ್ಜಿಗೆ, ಹಪ್ಪಳ. ಬಡಿಸುವವರು ಬೇಡ, ಹಂಚಿಕೊಳ್ಳುವವರು ಬೇಡ.

ಅಣ್ಣ ಕಾರ್ಕಳದ ಕಡೆಯವರು. ಇವರ ತಂದೆಯ ತಲೆಮಾರಿನ ಹುಡುಗರು ಹನ್ನೆರಡು ಹದಿಮೂರು ವರ್ಷಕ್ಕೆ ಮುಂಬಯಿಗೆ ಬಂದು, ಹಗಲು ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಮ್ಯಾಟ್ರಿಕ್ ಮಾಡಿದವರು. ಈಗ ಆ ಕಡೆಯಿಂದ ಹುಡುಗರು ಬರುವುದಿಲ್ಲ. ತಟ್ಟೆ ತರುವವನು ಜಾರ್ಖಂಡದವನು, ದೋಸೆ ಹೊಯ್ಯುವವನು ಉತ್ತರ ಪ್ರದೇಶದವನು, ಅವನು ಹೊಯ್ಯುವ ನೀರುದೋಸೆ ತುಳುನಾಡಿನ ಯಾವ ಅಮ್ಮನಿಗೂ ಕಡಿಮೆಯಿಲ್ಲ. ತುಳುವಿನಲ್ಲಿ ಅಣ್ಣ ಮಾತಾಡುವುದು ಫೋನಿನಲ್ಲಿ ಮಾತ್ರ. ಒಂದು ಕಟಿಂಗ್ ಕುಡಿದು ಒಂದೂವರೆ ಗಂಟೆ ಕೂರುವವರನ್ನು ಹೇಗೆ ಸಹಿಸುತ್ತೀರಿ ಎಂದು ನಾನು ಕೇಳಿದ್ದೆ, ಸ್ವಲ್ಪ ದೊಡ್ಡ ಉತ್ತರ ಸಿಗಬಹುದು ಎಂಬ ಆಸೆಯಿಂದ.

‘ಸಹಿಸುದು ಎಂತ ಮಾರಾಯ್ರೆ? ಆ ಹೊತ್ತಿಗೆ ಹೋಟ್ಲು ಹೇಗೂ ಖಾಲಿ. ಖಾಲಿ ಹೋಟ್ಲಿಗೆ ಯಾರಾದ್ರೂ ಕಾಲಿಡ್ತಾರಾ? ಇವ್ರು ಕೂತ್ರೆ ಹೊರಗಿಂದ ನೋಡುವವನಿಗೆ ಒಳಗೆ ಜನ ಉಂಟು ಅಂತ ಕಾಣ್ತದೆ. ಫ್ಯಾನು ಹೇಗೂ ತಿರುಗ್ತದೆ. ಮತ್ತೆ ಸಾಂಬಾರು ಕೆಟ್ರೆ ಮೊದ್ಲು ಹೇಳುದು ಇವ್ರೇ, ಹನ್ನೆರಡು ಗಂಟೆಯ ಗಿರಾಕಿ ಹೇಳುದಿಲ್ಲ, ನಾಳೆಯಿಂದ ಬರುದೇ ಇಲ್ಲ.’

ಲೆಕ್ಕ ಅಷ್ಟೇ. ಅದರಲ್ಲಿ ದಯೆ ಹುಡುಕಲು ಹೋಗಿದ್ದ ನನಗೆ ಲೆಕ್ಕವೇ ಹೆಚ್ಚು ಗಟ್ಟಿ ಎನಿಸಿತು. ದಯೆಯಿಂದ ಕೊಟ್ಟ ಕುರ್ಚಿಯಲ್ಲಿ ಗಾರ್ಡ್ ಸಾಹೇಬರು ಒಂದು ದಿನವೂ ಕೂರುತ್ತಿರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹುಡುಗ ‘ರೈಸ್ ಪ್ಲೇಟ್ ತಯಾರ್’ ಎಂಬ ಹಲಗೆಯನ್ನು ಹೊರಗೆ ತೂಗುಹಾಕುತ್ತಾನೆ. ಯಾರೂ ಏಳಿ ಅನ್ನುವುದಿಲ್ಲ. ಕುರ್ಚಿಗಳು ಸರಿಯುತ್ತವೆ, ಕೊಡೆಗಳು ಹೊರಬರುತ್ತವೆ.

ಇವರಲ್ಲಿ ಹೆಂಗಸೆಂದರೆ ಒಬ್ಬರೇ, ಪಾಲಿಕೆ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಟೀಚರಮ್ಮ. ಹಳೆಯ ಉಡುಪಿ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂದು ಮರದ ಅಡ್ಡಗೋಡೆಯ ಒಂದು ಕತ್ತಲೆ ಮೂಲೆ ಇರುತ್ತಿತ್ತು. ಇಲ್ಲಿಯೂ ಇತ್ತಂತೆ. ಗಂಡ ತೀರಿದ ಮೇಲೆ ಮೊದಲ ಸಲ ಒಬ್ಬರೇ ಬಂದಾಗ ಅಣ್ಣ ಮರ್ಯಾದೆಗೆಂದು ಆ ಕಡೆ ಕೈ ತೋರಿಸಿದರು. ‘ನನಗೆ ಯಾವ ಫ್ಯಾಮಿಲಿ?’ ಎಂದು ಕೇಳಿ ಅವರು ಗಲ್ಲಾದ ಎದುರಿನ ಮೇಜಿನಲ್ಲೇ ಕೂತರು, ಅಂದಿನಿಂದ ಅದು ಅವರದೇ. ಅಡ್ಡಗೋಡೆ ಈಗ ಇಲ್ಲ. ಅಲ್ಲಿ ಸ್ವಿಗ್ಗಿ, ಝೊಮ್ಯಾಟೊ ಹುಡುಗರು ಪಾರ್ಸೆಲ್ಲಿಗೆ ಕಾಯುತ್ತಾರೆ. ಟೀಚರಮ್ಮ ಗಂಡಸರ ಪತ್ರಿಕೆ ಹಂಚಿಕೆಯಲ್ಲಿ ಸೇರುವುದಿಲ್ಲ, ತಮ್ಮದೇ ತರುತ್ತಾರೆ. ಊಟ ಅರ್ಧ ಮಾಡಿ ಉಳಿದರ್ಧವನ್ನು ರಾತ್ರಿಗೆಂದು ಡಬ್ಬಿಗೆ ತುಂಬುತ್ತಾರೆ. ಆ ಡಬ್ಬಿಗೆ ಹುಡುಗ ಒಂದು ಚಪಾತಿ ಹೆಚ್ಚು ಹಾಕಿದರೆ, ತೆಗೆದು ಹಿಂದಕ್ಕೆ ಇಡುತ್ತಾರೆ. ಆ ಹುಡುಗನಿಗೆ ಮರಾಠಿ ಅಕ್ಷರ ಕಲಿಸುವ ಕೆಲಸವೂ ನಡೆದಿದೆ. ಬಿಲ್ಲಿನ ಹಿಂಬದಿಯಲ್ಲಿ ಅವನು ಬರೆದ ‘ಳ’ ಇನ್ನೂ ಸರಿಯಾಗಿಲ್ಲ.

ಲಾಕ್‌ಡೌನಿನಲ್ಲಿ ಇದೆಲ್ಲ ನಿಂತಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಹೋಟೆಲುಗಳಲ್ಲಿ ಕೂತು ತಿನ್ನಲು ಮಹಾರಾಷ್ಟ್ರ ಸರ್ಕಾರ ಮತ್ತೆ ಅವಕಾಶ ಕೊಟ್ಟದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗಳಿಗೆ. ಅರ್ಧ ಎಂದರೆ ಯಾವ ಅರ್ಧ? ಅಣ್ಣ ಒಂದು ಬಿಟ್ಟು ಒಂದು ಕುರ್ಚಿಗೆ ಹಳದಿ ಟೇಪು ಅಂಟಿಸಿದರು. ಅಂಟಿಸಿದ್ದೆಲ್ಲ ಗಾರ್ಡ್ ಸಾಹೇಬರ ಲೆಕ್ಕದಲ್ಲಿ ತಪ್ಪು ಕುರ್ಚಿಗಳು. ಕೊನೆಗೆ ಟೇಪು ಕಿತ್ತು ಮತ್ತೆ ಅಂಟಿಸಬೇಕಾಯಿತಂತೆ. ಒಂದೆರಡು ಕುರ್ಚಿಗಳ ಟೇಪನ್ನು ಮಾತ್ರ ಯಾರೂ ತಕರಾರು ಮಾಡದೆ ಹಾಗೆಯೇ ಬಿಟ್ಟರು. ಅವುಗಳ ವಾರಸುದಾರರು ಬರುವಂತಿರಲಿಲ್ಲ. ಅದರಲ್ಲೊಂದು ಕುರ್ಚಿಯಲ್ಲಿ ಈಗ ದಾದಾ ಕೂರುತ್ತಾರೆ. ಅದನ್ನು ಅವರಿಗೆ ಕೊಡಬೇಕೆಂದು ಯಾವಾಗ, ಯಾರು ತೀರ್ಮಾನಿಸಿದರೋ ಅಣ್ಣನಿಗೂ ಗೊತ್ತಿಲ್ಲ.

ನವೆಂಬರ್ ಬಂತೆಂದರೆ ಮೇಜುಗಳ ಮೇಲೆ ಪ್ಲಾಸ್ಟಿಕ್ ಫೈಲುಗಳು ಕಾಣಿಸುತ್ತವೆ. ಪಿಂಚಣಿದಾರ ಬದುಕಿದ್ದಾನೆಂಬ ಸರ್ಟಿಫಿಕೇಟು ಸಲ್ಲಿಸುವ ಕಾಲ. 2014ರಿಂದ ಇದು ಬೆರಳಚ್ಚಿನ ಮೇಲೆ ಮನೆಯಲ್ಲೇ ಆಗುತ್ತದೆ ಎಂದು ಸರ್ಕಾರ ಹೇಳುತ್ತದೆ. ಆದರೆ ಜೀವಮಾನವಿಡೀ ನೂಲಿನ ತುದಿ ಹುಡುಕಿದ ಈಚೆಯ ಕಾಕಾನ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ. ಯಂತ್ರ ಮತ್ತೆ ಮತ್ತೆ ಇಲ್ಲ ಎನ್ನುತ್ತದೆ. ಮೂಲೆಯ ಸೈಬರ್ ಅಂಗಡಿಯವನು ಕೈಗೆ ಪೌಡರ್ ಹಚ್ಚಿ ನೋಡಿದ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದ. ಕಡೆಗೆ ಅದೇ ಯಂತ್ರವನ್ನು ಹೋಟೆಲಿಗೆ ತಂದು, ಹತ್ತೂ ಬೆರಳು ಒಂದೊಂದಾಗಿ ಒತ್ತಿಸಿದಾಗ ಎಡಗೈಯ ಕಿರುಬೆರಳು ಒಪ್ಪಿಗೆಯಾಯಿತು. ಗಾರ್ಡ್ ಸಾಹೇಬರು ‘ರೈಟ್!’ ಎಂದು ಕೂಗಿ ಹಸಿರು ಬಾವುಟ ತೋರುವಂತೆ ಕರವಸ್ತ್ರ ಬೀಸಿದರು. ಕಾರ್ಖಾನೆಯವರಿಗೆ ಬರುವ ಇಪಿಎಸ್-95ರ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾದದ್ದು. ರೈಲ್ವೆಯ ಪಿಂಚಣಿ ಅದರ ಎಷ್ಟೋ ಪಟ್ಟು. ಈ ಅಂತರ ಮೇಜಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಇರಬೇಕು, ತುಟ್ಟಿಭತ್ಯೆ ಏರಿದ ಸುದ್ದಿ ಬಂದ ದಿನ ಗಾರ್ಡ್ ಸಾಹೇಬರು ಮುಖಪುಟವನ್ನು ಬೇಗ ಮಡಿಸುತ್ತಾರೆ.

ಸೆಂಚುರಿ ಕಾರ್ಖಾನೆಯ ಜಾಗದ ಒಂದು ಪಾಲಿನಲ್ಲಿ ಬಿರ್ಲಾ ಎಸ್ಟೇಟ್ಸ್‌ನವರು ‘ವನ್ಯ’ ಎಂಬ ಎತ್ತರದ ವಸತಿ ಕಟ್ಟಡಗಳನ್ನು 2019ರಲ್ಲಿ ಶುರುಮಾಡಿದರು. ಅಲ್ಲಿಗೆ ಬಂದ ಎಳೆಯರು ಹೋಟೆಲಿಗೆ ಬರುವುದಿಲ್ಲ, ಅವರ ದೋಸೆ ಡಬ್ಬದಲ್ಲಿ ಹೋಗುತ್ತದೆ. ಮಡಿಸಿ ಡಬ್ಬದಲ್ಲಿ ಮುಚ್ಚಿದ ದೋಸೆ ಹತ್ತು ನಿಮಿಷಕ್ಕೆ ತೊಗಲಾಗುತ್ತದೆ ಎಂದು ಯಾರಾದರೂ ಅವರಿಗೆ ಹೇಳಬೇಕು. ವ್ಯಾಪಾರಕ್ಕೆ ಮಾತ್ರ ಮೋಸವಿಲ್ಲ. ಈ ನಡುವೆ ಹೋಟೆಲಿರುವ ಕಟ್ಟಡವನ್ನೂ ಕೆಡವಿ ಕಟ್ಟುವ ಮಾತು ಶುರುವಾಗಿದೆ. ಮೂವತ್ತು ವರ್ಷ ದಾಟಿದ ಕಟ್ಟಡ, ಸ್ಟ್ರಕ್ಚರಲ್ ಆಡಿಟ್ ಆಗಬೇಕು, ಕಂಬದಲ್ಲಿ ಸರಳು ಕಾಣುತ್ತಿದೆ.

ಕಳೆದ ವಾರ ಬಿಲ್ಡರನ ನಕ್ಷೆ ಬಂದಿತ್ತು. ಹನ್ನೊಂದು ಗಂಟೆಗೆ ಅಣ್ಣ ಅದನ್ನು ಗೋಡೆಯ ಬದಿಯ ಮೇಜಿನ ಮೇಲೆ ಹರಡಿದರು. ನಾಲ್ಕು ಮೂಲೆಗೆ ಚಟ್ನಿ ಬಟ್ಟಲು, ನೀರಿನ ಲೋಟ. ಎಲ್ಲರೂ ಎದ್ದು ಬಂದು ಬಗ್ಗಿ ನೋಡಿದರು, ಟೀಚರಮ್ಮ ಕೂಡ.

‘ಹೋಟ್ಲು ಮೊದಲನೇ ಮಾಳಿಗೆಗೆ ಬರ್ತದೆ. ಕೆಳಗೆ ಬ್ಯಾಂಕು ಮತ್ತೆ ಗಾಡಿ ಪಾರ್ಕಿಂಗ್,’ ಅಣ್ಣ ಬೆರಳಿಟ್ಟು ತೋರಿಸಿದರು.

‘ಎಷ್ಟು ಮೆಟ್ಟಿಲು?’ ಈಚೆಯ ಕಾಕಾ ಮರಾಠಿಯಲ್ಲಿ ಕೇಳಿದರು.

‘ಲಿಫ್ಟ್ ಇದೆ.’

‘ಕರೆಂಟ್ ಹೋದರೆ?’ ದಾದಾ.

‘ಜನರೇಟರ್ ಇದೆ.’

‘ಡೀಸೆಲ್ ಯಾರ ಹಾಕ್ತಾರ್ರೀ?’ ಗಾರ್ಡ್ ಸಾಹೇಬರು.

ಅಣ್ಣ ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆಚೆಯ ಕಾಕಾ ಅಷ್ಟು ಹೊತ್ತು ಸುಮ್ಮನಿದ್ದವರು, ನಕ್ಷೆಯ ಮೇಲೆ ತೋರುಬೆರಳು ಆಡಿಸುತ್ತಾ ‘ನಮ್ಮ ಟೇಬಲ್ ಎಲ್ಲೈತಿ ಇದರಾಗ?’ ಅಂದರು. ಅಣ್ಣ ಗಲ್ಲಾದಿಂದ ಬಾಲ್‌ಪೆನ್ನು ತಂದು ರಸ್ತೆಯ ಕಡೆಯ ಕಿಟಕಿಯ ಪಕ್ಕ ಒಂದು ಚೌಕ ಬರೆದರು. ಟೀಚರಮ್ಮ ಕನ್ನಡಕ ಏರಿಸಿ ನೋಡಿ, ಅಲ್ಲಿ ಏಸಿಯ ಗಾಳಿ ನೇರ ತಲೆಗೆ ಬೀಳುತ್ತದೆ, ಸರಿಸಿ ಎಂದರು. ಚೌಕಕ್ಕೆ ಗೀಟು ಹೊಡೆದು ಅಣ್ಣ ಬಲಕ್ಕೆ ಸ್ವಲ್ಪ ಒಳಗೆ ಇನ್ನೊಂದು ಬರೆದರು. ಎಲ್ಲರಿಗೂ ಒಪ್ಪಿಗೆಯಾಯಿತು. ಬಿಲ್ಡರ್ ಅಲ್ಲಿ ಮೋರಿ ಇಟ್ಟಿದ್ದಾನೆ ಎಂದು ನಾನು ತೋರಿಸಿದೆ. ಗಾರ್ಡ್ ಸಾಹೇಬರು ನನ್ನ ಕಡೆ ತಿರುಗಿ, ‘ಹಂಗಂದ್ರ ಅದು ನಿಮ್ಮ ಜಾಗಾರೀ’ ಅಂದರು.